ಮೊದಲು ಅಳತೆ, ಅನಂತರ ವ್ಯಾಯಾಮ: ದೈಹಿಕ ಕ್ಷಮತೆಯ ಪರೀಕ್ಷೆ ಮತ್ತು ಕಾರ್ಯಕ್ರಮ ರೂಪಿಸುವ ಕ್ರಮ

ಕುಂದಾಪುರ: ಆಸ್ಟ್ರೇಲಿಯದ ಗೋಲ್ಡ್ ಕೋಸ್ಟ್‌ನಲ್ಲಿ 2018ರ ಏಪ್ರಿಲ್ 5ರಂದು ಕಾಮನ್‌ವೆಲ್ತ್ ಕ್ರೀಡಾಕೂಟದ ಭಾರತದ ಮೊದಲ ಪದಕವನ್ನು ಗೆದ್ದವರು ಕುಂದಾಪುರ ಸಮೀಪದ ವಂಡ್ಸೆ ಪರಿಸರದ ಗುರುರಾಜ ಪೂಜಾರಿ. ಪುರುಷರ 56 ಕಿಲೊ ವಿಭಾಗದಲ್ಲಿ ಸ್ನ್ಯಾಚ್‌ನಲ್ಲಿ 111 ಕಿಲೊ, ಕ್ಲೀನ್ ಅಂಡ್ ಜರ್ಕ್‌ನಲ್ಲಿ 138 ಕಿಲೊ, ಒಟ್ಟು 249 ಕಿಲೊ ಭಾರ ಎತ್ತಿ ಅವರು ಬೆಳ್ಳಿ ಪಡೆದರು. ನಾಲ್ಕು ವರ್ಷಗಳ ನಂತರ, 2022ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ 61 ಕಿಲೊ ವಿಭಾಗದಲ್ಲಿ 118 ಮತ್ತು 151, ಒಟ್ಟು 269 ಕಿಲೊ ಎತ್ತಿ ಕಂಚು ಗೆದ್ದರು.

ಎರಡು ಸಾಧನೆಗಳ ನಡುವೆ ಒಟ್ಟು ಭಾರ 20 ಕಿಲೊ ಏರಿದೆ. ಆದರೆ ದೇಹತೂಕದ ವಿಭಾಗವೂ 5 ಕಿಲೊ ಏರಿದೆ. ಎತ್ತಿದ ಭಾರವನ್ನು ವಿಭಾಗದ ತೂಕದಿಂದ ಭಾಗಿಸಿದರೆ 2018ರಲ್ಲಿ ಸುಮಾರು 4.45 ಪಟ್ಟು, 2022ರಲ್ಲಿ ಸುಮಾರು 4.41 ಪಟ್ಟು ಬರುತ್ತದೆ. ಅಂದರೆ ದೇಹತೂಕಕ್ಕೆ ಹೋಲಿಸಿದ ಬಲ ಹೆಚ್ಚುಕಡಿಮೆ ಅಷ್ಟೇ ಉಳಿದಿದೆ. ಒಂದೇ ಸಾಧನೆಯನ್ನು ಎರಡು ರೀತಿಯಲ್ಲಿ ಅಳೆದರೆ ಎರಡು ಉತ್ತರಗಳು ದೊರೆಯುತ್ತವೆ ಎಂಬುದಕ್ಕೆ ಇದು ಮನೆಯಂಗಳದ ಉದಾಹರಣೆ.

ಕ್ರೀಡಾಪಟುವಿಗೆ ಅನ್ವಯಿಸುವ ಈ ಲೆಕ್ಕ ಸಾಮಾನ್ಯ ಜನರಿಗೂ ಅನ್ವಯಿಸುತ್ತದೆ. ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳಲ್ಲಿ ಇಂದು ಜಿಮ್‌ಗೆ ಸೇರುವವರು, ಮುಂಜಾನೆ ಕಡಲತೀರದಲ್ಲಿ ನಡೆಯುವವರು, ಪೊಲೀಸ್ ಹಾಗೂ ಸೇನಾ ನೇಮಕಾತಿಗೆ ಓಡುವವರು ಅನೇಕರಿದ್ದಾರೆ. ಅವರಲ್ಲಿ ಬಹುತೇಕರು ನೇರವಾಗಿ ವ್ಯಾಯಾಮ ಆರಂಭಿಸುತ್ತಾರೆ. ಆರಂಭಕ್ಕೆ ಮುನ್ನ ತಮ್ಮ ದೇಹದ ಸ್ಥಿತಿಯನ್ನು ಅಳೆದು ಬರೆದಿಡುವವರು ವಿರಳ. ಅಳತೆ ಇಲ್ಲದ ವ್ಯಾಯಾಮ ಅತಿಯಾಗಬಹುದು ಇಲ್ಲವೇ ಸಾಲದೇ ಹೋಗಬಹುದು. ಎರಡರಲ್ಲೂ ನಷ್ಟವಿದೆ.

ಭೀತಿ ಮತ್ತು ಅದರ ಪರಿಹಾರ

ನಟ ಪುನೀತ್ ರಾಜ್‌ಕುಮಾರ್ ಅವರು 2021ರ ಅಕ್ಟೋಬರ್ 29ರಂದು ತಮ್ಮ 46ನೇ ವಯಸ್ಸಿನಲ್ಲಿ ಹೃದಯಾಘಾತದಿಂದ ನಿಧನರಾದಾಗ ರಾಜ್ಯದಾದ್ಯಂತ ಜಿಮ್ ಕುರಿತು ಆತಂಕ ಹಬ್ಬಿತು. ಹೃದಯ ತಪಾಸಣೆಗಾಗಿ ಆಸ್ಪತ್ರೆಗಳ ಮುಂದೆ ಜನ ಸಾಲುಗಟ್ಟಿದರು. ಕೆಲವರು ವ್ಯಾಯಾಮವನ್ನೇ ಬಿಟ್ಟರು.

ವೈದ್ಯವಿಜ್ಞಾನದ ನಿಲುವು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ನಿಯಮಿತ ಮಧ್ಯಮ ವ್ಯಾಯಾಮ ಹೃದ್ರೋಗದ ಸಂಭವವನ್ನು ತಗ್ಗಿಸುತ್ತದೆ. ಅಭ್ಯಾಸವಿಲ್ಲದ ದೇಹದಿಂದ ಏಕಾಏಕಿ ಕಠಿಣ ಶ್ರಮ ಮಾಡಿಸಿದಾಗ ಮಾತ್ರ ಆ ಕೆಲಹೊತ್ತಿನ ಅಪಾಯ ಏರುತ್ತದೆ; ಈಗಾಗಲೇ ರಕ್ತನಾಳಗಳ ತೊಂದರೆ ಇದ್ದವರಲ್ಲಿ ಅದು ಇನ್ನೂ ಹೆಚ್ಚು. ಆದುದರಿಂದ ಪರಿಹಾರವಿರುವುದು ಪೂರ್ವಭಾವಿ ಪ್ರಶ್ನಾವಳಿ, ಅಳತೆ ಮತ್ತು ನಿಧಾನ ಪ್ರಗತಿ ಎಂಬ ಮೂರರಲ್ಲಿ.

ಮೊದಲ ಹೆಜ್ಜೆ: ಏಳು ಪ್ರಶ್ನೆಗಳು

ಕೆನಡಾದಲ್ಲಿ 1970ರ ದಶಕದಲ್ಲಿ ರೂಪುಗೊಂಡು, ಅನಂತರ ಪರಿಷ್ಕರಣೆಗೊಂಡ ‘ಪಾರ್-ಕ್ಯೂ ಪ್ಲಸ್’ ಎಂಬ ಪ್ರಶ್ನಾವಳಿ ವಿಶ್ವದಾದ್ಯಂತ ಬಳಕೆಯಲ್ಲಿದೆ. ಅದರ ಏಳು ಪ್ರಶ್ನೆಗಳ ತಾತ್ಪರ್ಯ ಹೀಗಿದೆ:

1. ಹೃದಯದ ತೊಂದರೆ ಅಥವಾ ಅಧಿಕ ರಕ್ತದೊತ್ತಡ ಇದೆಯೆಂದು ವೈದ್ಯರು ಎಂದಾದರೂ ಹೇಳಿದ್ದಾರೆಯೇ?
2. ವಿಶ್ರಾಂತಿಯಲ್ಲಿ, ನಿತ್ಯದ ಕೆಲಸದಲ್ಲಿ ಅಥವಾ ಶ್ರಮದ ವೇಳೆ ಎದೆನೋವು ಬರುತ್ತದೆಯೇ?
3. ಕಳೆದ 12 ತಿಂಗಳಲ್ಲಿ ತಲೆಸುತ್ತಿ ಆಯ ತಪ್ಪಿದ್ದು ಅಥವಾ ಪ್ರಜ್ಞೆ ತಪ್ಪಿದ್ದು ಉಂಟೇ?
4. ಮಧುಮೇಹ, ಅಸ್ತಮಾದಂತಹ ಬೇರಾವುದೇ ದೀರ್ಘಕಾಲೀನ ಕಾಯಿಲೆ ಇದೆಯೇ?
5. ಅಂತಹ ಕಾಯಿಲೆಗೆ ಔಷಧ ಸೇವಿಸುತ್ತಿದ್ದೀರಾ?
6. ಶ್ರಮದಿಂದ ಉಲ್ಬಣಿಸಬಹುದಾದ ಮೂಳೆ, ಕೀಲು ಅಥವಾ ಸ್ನಾಯುವಿನ ತೊಂದರೆ ಇದೆಯೇ?
7. ವೈದ್ಯರ ಉಸ್ತುವಾರಿಯಲ್ಲಿ ಮಾತ್ರ ಶ್ರಮ ಮಾಡಬೇಕೆಂದು ಯಾರಾದರೂ ಹೇಳಿದ್ದಾರೆಯೇ?

ಏಳಕ್ಕೂ ‘ಇಲ್ಲ’ ಎಂಬ ಉತ್ತರವಿದ್ದರೆ ಸೌಮ್ಯ ವ್ಯಾಯಾಮವನ್ನು ಆರಂಭಿಸಬಹುದು. ಒಂದಕ್ಕಾದರೂ ‘ಹೌದು’ ಎಂದಾದರೆ ವೈದ್ಯರ ಸಲಹೆ ಪಡೆದು ಮುಂದುವರಿಯಬೇಕು. ನೋಂದಣಿ ಮಾಡಿಕೊಳ್ಳುವಾಗ ಈ ಪ್ರಶ್ನೆಗಳನ್ನು ಕೇಳದೆ ಶುಲ್ಕವನ್ನಷ್ಟೇ ಪಡೆಯುವ ಜಿಮ್ ಯಾವುದಾದರೂ ಇದ್ದರೆ, ಸೇರುವವರೇ ಈ ಪ್ರಶ್ನೆಗಳನ್ನು ತಮಗೆ ತಾವು ಕೇಳಿಕೊಳ್ಳುವುದು ಕ್ಷೇಮ.

ಎರಡನೆಯ ಹೆಜ್ಜೆ: ವಿಶ್ರಾಂತಿಯ ಅಳತೆಗಳು

ಒಂದು ಟೇಪು, ತೂಕದ ಯಂತ್ರ, ಸೆಕೆಂಡು ತೋರಿಸುವ ಗಡಿಯಾರ, ಒಂದು ನೋಟ್‌ಬುಕ್ ಇದ್ದರೆ ಸಾಕು.

ತೂಕವನ್ನು ಕಿಲೊಗ್ರಾಂನಲ್ಲಿ ಬರೆದು, ಮೀಟರ್‌ನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದರೆ ದೇಹತೂಕ ಸೂಚ್ಯಂಕ ದೊರೆಯುತ್ತದೆ. ಭಾರತೀಯರಿಗಾಗಿ 2009ರಲ್ಲಿ ತಜ್ಞರು ಒಮ್ಮತದಿಂದ ಸೂಚಿಸಿದ ಮಿತಿಗಳಂತೆ 23ರಿಂದ ಅಧಿಕ ತೂಕ, 25ರಿಂದ ಬೊಜ್ಜು ಎಂದು ಪರಿಗಣಿಸಲಾಗುತ್ತದೆ. ಪಾಶ್ಚಾತ್ಯರಿಗೆ ಅನ್ವಯಿಸುವ 25 ಮತ್ತು 30ರ ಮಿತಿಗಿಂತ ಇದು ಕೆಳಗಿದೆ. ಕಡಿಮೆ ತೂಕದಲ್ಲಿಯೇ ಮಧುಮೇಹ ಕಾಣಿಸಿಕೊಳ್ಳುವ ಪ್ರವೃತ್ತಿ ಭಾರತೀಯರಲ್ಲಿರುವುದೇ ಇದಕ್ಕೆ ಕಾರಣ.

ಹೊಟ್ಟೆಯ ಸುತ್ತಳತೆಯನ್ನು ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ಮಧ್ಯಭಾಗದಲ್ಲಿ, ಉಸಿರು ಬಿಟ್ಟ ನಂತರ ಅಳೆಯಬೇಕು. ಪುರುಷರಲ್ಲಿ 90 ಸೆಂಟಿಮೀಟರ್, ಮಹಿಳೆಯರಲ್ಲಿ 80 ಸೆಂಟಿಮೀಟರ್ ಎಚ್ಚರಿಕೆಯ ಗಡಿ. ತೂಕ ಸರಿಯಾಗಿದ್ದೂ ಹೊಟ್ಟೆ ಬೆಳೆದವರನ್ನು ಈ ಅಳತೆ ಪತ್ತೆ ಮಾಡುತ್ತದೆ.

ಬೆಳಿಗ್ಗೆ ಎದ್ದ ಕೂಡಲೇ, ಚಹಾ ಸೇವನೆಗೆ ಮುನ್ನ, ಮಣಿಕಟ್ಟಿನ ನಾಡಿಯನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕು. ಮೂರು ದಿನಗಳ ಸರಾಸರಿಯೇ ವಿಶ್ರಾಂತಿಯ ನಾಡಿಬಡಿತ. ತರಬೇತಿ ಮುಂದುವರಿದಂತೆ ಇದು ಸಾಮಾನ್ಯವಾಗಿ ಇಳಿಯುತ್ತದೆ. ರಕ್ತದೊತ್ತಡವನ್ನು ಸಮೀಪದ ಆರೋಗ್ಯ ಕೇಂದ್ರದಲ್ಲಿ ನೋಡಿಸಿಕೊಳ್ಳಬಹುದು. 140/90 ಮೀರಿದ್ದರೆ ವೈದ್ಯರನ್ನು ಕಾಣಬೇಕು. 180/110 ಮೀರಿದ್ದರೆ ಮುಂದಿನ ಯಾವ ಪರೀಕ್ಷೆಯನ್ನೂ ಮಾಡಬಾರದು.

ಮೂರನೆಯ ಹೆಜ್ಜೆ: ಹೃದಯ ಮತ್ತು ಶ್ವಾಸಕೋಶದ ಸಾಮರ್ಥ್ಯ

ಮನೆಯ ಜಗಲಿಯ ಮೆಟ್ಟಿಲು ಇಲ್ಲಿ ಪ್ರಯೋಗಾಲಯವಾಗುತ್ತದೆ. ಮೂರು ನಿಮಿಷಗಳ ಮೆಟ್ಟಿಲು ಪರೀಕ್ಷೆಗೆ ಬೇಕಾದುದು ಸುಮಾರು 30 ಸೆಂಟಿಮೀಟರ್, ಅಂದರೆ ಒಂದು ಅಡಿ ಎತ್ತರದ ಗಟ್ಟಿ ಮೆಟ್ಟಿಲು. ನಿಮಿಷಕ್ಕೆ 24 ಬಾರಿ ಹತ್ತಿ ಇಳಿಯಬೇಕು. ಮೂರು ನಿಮಿಷ ಮುಗಿದ ಕ್ಷಣ ಕುಳಿತು ಒಂದು ನಿಮಿಷ ನಾಡಿ ಎಣಿಸಬೇಕು. ಸಂಖ್ಯೆ ಕಡಿಮೆಯಾದಷ್ಟೂ ಹೃದಯದ ಚೇತರಿಕೆ ಚುರುಕಾಗಿದೆ ಎಂದರ್ಥ. ಮಂಡಿನೋವು ಇರುವವರು ಈ ಪರೀಕ್ಷೆಯನ್ನು ಬಿಡಬೇಕು.

ಓಡಲು ಅಭ್ಯಾಸವಿರುವ ಯುವಕರಿಗೆ 12 ನಿಮಿಷಗಳ ಓಟ ಸೂಕ್ತ. ಅಮೆರಿಕದ ವಾಯುಪಡೆಯ ವೈದ್ಯ ಕೆನೆತ್ ಕೂಪರ್ 1968ರಲ್ಲಿ ಇದನ್ನು ಪ್ರಚುರಪಡಿಸಿದರು. 12 ನಿಮಿಷಗಳಲ್ಲಿ ಕ್ರಮಿಸಿದ ದೂರದಿಂದ, ದೇಹ ಗರಿಷ್ಠ ಎಷ್ಟು ಆಮ್ಲಜನಕ ಬಳಸಬಲ್ಲದು ಎಂಬುದನ್ನು ಅಂದಾಜಿಸಲಾಗುತ್ತದೆ. ಮೀಟರ್‌ನಲ್ಲಿರುವ ದೂರದಿಂದ 504.9 ಕಳೆದು 44.73ರಿಂದ ಭಾಗಿಸಬೇಕು. 2,000 ಮೀಟರ್ ಓಡಿದವರಿಗೆ ಸುಮಾರು 33, 2,400 ಮೀಟರ್ ಓಡಿದವರಿಗೆ ಸುಮಾರು 42 ಎಂಬ ಉತ್ತರ ಬರುತ್ತದೆ. ಇದು ದೇಹತೂಕದ ಪ್ರತಿ ಕಿಲೊಗ್ರಾಂಗೆ ನಿಮಿಷಕ್ಕೆ ಇಷ್ಟು ಮಿಲಿಲೀಟರ್ ಆಮ್ಲಜನಕ ಎಂಬ ಲೆಕ್ಕ.

ಹಿರಿಯರಿಗೆ ಹಾಗೂ ಚೇತರಿಸಿಕೊಳ್ಳುತ್ತಿರುವ ರೋಗಿಗಳಿಗೆ ಆರು ನಿಮಿಷಗಳ ನಡಿಗೆ ಪರೀಕ್ಷೆ ಇದೆ. ಆಸ್ಪತ್ರೆಗಳಲ್ಲಿ 30 ಮೀಟರ್ ಉದ್ದದ ಸಮತಟ್ಟಾದ ಹಾದಿಯಲ್ಲಿ ಇದನ್ನು ನಡೆಸುತ್ತಾರೆ. ಶಾಲೆಯ ಜಗಲಿ ಅಥವಾ ದೇವಸ್ಥಾನದ ಹೊರಾಂಗಣವೂ ಆಗಬಹುದು.

ಕರಾವಳಿಯವರು ಒಂದು ಎಚ್ಚರ ವಹಿಸಬೇಕು. ಕೋಡಿ, ಮರವಂತೆ ಅಥವಾ ಬೈಂದೂರಿನ ಸೋಮೇಶ್ವರದ ಹೊಯ್ಗೆಯ ಮೇಲೆ ಓಡಿದ ಸಮಯವನ್ನು ಮೈದಾನದ ಸಮಯಕ್ಕೆ ಹೋಲಿಸುವಂತಿಲ್ಲ. ಬೆಲ್ಜಿಯಂನ ಸಂಶೋಧಕರು 1998ರಲ್ಲಿ ತೋರಿಸಿದಂತೆ, ಮೃದು ಮರಳಿನ ಮೇಲೆ ಓಡಲು ಗಟ್ಟಿ ನೆಲಕ್ಕಿಂತ ಸುಮಾರು 1.6 ಪಟ್ಟು ಶಕ್ತಿ ವ್ಯಯವಾಗುತ್ತದೆ. ನಡೆಯಲು ಎರಡು ಪಟ್ಟಿಗೂ ಮಿಗಿಲು. ರಾಷ್ಟ್ರೀಯ ಹೆದ್ದಾರಿ 66ರ ಅಂಚು ಗಟ್ಟಿಯಾಗಿದ್ದರೂ ವಾಹನಗಳ ವೇಗದಿಂದಾಗಿ ಪರೀಕ್ಷೆಗೂ ಅಭ್ಯಾಸಕ್ಕೂ ಯೋಗ್ಯವಲ್ಲ. ಶಾಲಾ ಮೈದಾನವೇ ಲೇಸು.

ನಾಲ್ಕನೆಯ ಹೆಜ್ಜೆ: ಬಲ, ಬಾಗುವಿಕೆ, ಸಮತೋಲನ

ಕಾಲಿನ ಬಲಕ್ಕೆ ಕುರ್ಚಿ ಪರೀಕ್ಷೆ. ಸುಮಾರು 43 ಸೆಂಟಿಮೀಟರ್ ಎತ್ತರದ, ಗೋಡೆಗೆ ಒತ್ತರಿಸಿದ ಕುರ್ಚಿಯಲ್ಲಿ ಕುಳಿತು, ಕೈಗಳನ್ನು ಎದೆಯ ಮೇಲೆ ಅಡ್ಡಲಾಗಿಟ್ಟು, 30 ಸೆಕೆಂಡುಗಳಲ್ಲಿ ಎಷ್ಟು ಬಾರಿ ಪೂರ್ಣವಾಗಿ ಎದ್ದು ನಿಲ್ಲಬಹುದು ಎಂದು ಎಣಿಸಬೇಕು. 65ರಿಂದ 69 ವರ್ಷದ ಪುರುಷರು 12ಕ್ಕಿಂತ, ಮಹಿಳೆಯರು 11ಕ್ಕಿಂತ ಕಡಿಮೆ ಎದ್ದರೆ ಬೀಳುವ ಅಪಾಯ ಹೆಚ್ಚಿದೆ ಎಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಮಾನದಂಡ ಹೇಳುತ್ತದೆ.

ಮೇಲ್ಮೈಯ ಬಲಕ್ಕೆ ದಂಡ ಅಥವಾ ಪುಷ್-ಅಪ್. ಬೆನ್ನು ನೇರವಿರುವವರೆಗಿನ ಸಂಖ್ಯೆಯನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಹಿಡಿತದ ಬಲವನ್ನು ಅಳೆಯುವ ಉಪಕರಣ ಕೆಲವು ಭೌತಚಿಕಿತ್ಸಾ ಕೇಂದ್ರಗಳಲ್ಲಿ ಇರುತ್ತದೆ. ಭಾರತವೂ ಸೇರಿದಂತೆ 17 ದೇಶಗಳ ಸುಮಾರು 1.4 ಲಕ್ಷ ಜನರನ್ನು ಒಳಗೊಂಡು 2015ರಲ್ಲಿ ಪ್ರಕಟವಾದ ‘ಪ್ಯೂರ್’ ಅಧ್ಯಯನದಲ್ಲಿ, ಹಿಡಿತದ ಬಲ ಕಡಿಮೆಯಿದ್ದವರಲ್ಲಿ ಸಾವಿನ ಸಂಭವ ಹೆಚ್ಚಿರುವುದು ಕಂಡುಬಂದಿತು. ಏಷ್ಯದ ತಜ್ಞರು 2019ರಲ್ಲಿ ಪುರುಷರಿಗೆ 28 ಕಿಲೊ, ಮಹಿಳೆಯರಿಗೆ 18 ಕಿಲೊ ಎಂಬ ಕನಿಷ್ಠ ಗಡಿಯನ್ನು ಸೂಚಿಸಿದ್ದಾರೆ.

ಬಾಗುವಿಕೆಗೆ, ಕಾಲು ಚಾಚಿ ಕುಳಿತು ಬೆರಳುಗಳು ಪಾದವನ್ನು ದಾಟಿ ಎಷ್ಟು ಮುಂದಕ್ಕೆ ಹೋಗುತ್ತವೆ ಎಂದು ಅಳೆಯುವುದು ವಾಡಿಕೆ. ಸಮತೋಲನಕ್ಕೆ ಒಂಟಿ ಕಾಲಿನ ನಿಲುವು. ಬ್ರೆಜಿಲ್‌ನಲ್ಲಿ 51ರಿಂದ 75 ವರ್ಷದ 1,702 ಜನರ ಕುರಿತು ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 10 ಸೆಕೆಂಡು ಒಂಟಿ ಕಾಲಿನಲ್ಲಿ ನಿಲ್ಲಲಾಗದವರ ಸಾವಿನ ಸಂಭವ ಇತರರಿಗಿಂತ ಗಣನೀಯವಾಗಿ ಹೆಚ್ಚಿತ್ತು. ಈ ಪರೀಕ್ಷೆಯನ್ನು ಗೋಡೆಯ ಪಕ್ಕದಲ್ಲಿ, ಇನ್ನೊಬ್ಬರ ಸಮ್ಮುಖದಲ್ಲಿ ಮಾಡಬೇಕು.

ಕೇಂದ್ರ ಸರಕಾರವು 2019ರ ಆಗಸ್ಟ್ 29ರಂದು ಆರಂಭಿಸಿದ ‘ಫಿಟ್ ಇಂಡಿಯಾ’ ಆಂದೋಲನದಡಿ 5ರಿಂದ 18, 18ರಿಂದ 65 ಹಾಗೂ 65 ಮೀರಿದವರಿಗೆ ಪ್ರತ್ಯೇಕ ಪರೀಕ್ಷಾಕ್ರಮಗಳನ್ನು ರೂಪಿಸಲಾಗಿದೆ. ಶಾಲಾ ಮಕ್ಕಳಿಗೆ 50 ಮೀಟರ್ ಮತ್ತು 600 ಮೀಟರ್ ಓಟ, ಹಿರಿಯರಿಗೆ ಕುರ್ಚಿ ಪರೀಕ್ಷೆ ಇವೆಲ್ಲ ಅದರ ಭಾಗಗಳು.

ಕಂಬಳದ ಪಾಠ

ಅಳತೆಗಿಂತಲೂ ಅದನ್ನು ಅರ್ಥೈಸುವುದು ಕಠಿಣ. 2020ರ ಫೆಬ್ರವರಿಯಲ್ಲಿ ದಕ್ಷಿಣ ಕನ್ನಡ ಜಿಲ್ಲೆಯ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡ 142.5 ಮೀಟರ್ ಕೆರೆಯನ್ನು 13.62 ಸೆಕೆಂಡುಗಳಲ್ಲಿ ಕ್ರಮಿಸಿದರು. ಇದನ್ನು 100 ಮೀಟರ್‌ಗೆ ಇಳಿಸಿ 9.55 ಸೆಕೆಂಡು ಎಂದು ಲೆಕ್ಕ ಹಾಕಿ, ಉಸೇನ್ ಬೋಲ್ಟ್‌ನ 9.58 ಸೆಕೆಂಡಿನ ವಿಶ್ವದಾಖಲೆಗೆ ಹೋಲಿಸಲಾಯಿತು. ಭಾರತೀಯ ಕ್ರೀಡಾ ಪ್ರಾಧಿಕಾರ ಪರೀಕ್ಷೆಗೆ ಆಹ್ವಾನವಿತ್ತಾಗ ಗೌಡರು ಕಂಬಳವೇ ತಮ್ಮ ಕ್ಷೇತ್ರವೆಂದು ವಿನಯದಿಂದ ನಿರಾಕರಿಸಿದರು.

ವಂಡಾರಿನಂತಹ ಸಾಂಪ್ರದಾಯಿಕ ಕಂಬಳಗಳನ್ನು ಕಂಡ ಈ ಭಾಗದ ಜನರಿಗೆ ಆ ಹೋಲಿಕೆಯ ಮಿತಿ ಸುಲಭವಾಗಿ ತಿಳಿಯುತ್ತದೆ. ಕೆಸರಿನಲ್ಲಿ ಓಡುವುದು ಕಷ್ಟ. ಕೋಣಗಳ ಸೆಳೆತ ಓಟಗಾರನಿಗೆ ವೇಗ ಕೊಡುತ್ತದೆ. ಆರಂಭದ ಕ್ರಮವೂ ನೆಲವೂ ಬೇರೆ. ಕಂಬಳದ ಓಟಗಾರ ಅಸಾಧಾರಣ ಸಾಮರ್ಥ್ಯವುಳ್ಳವನೇ. ಆದರೆ ಎರಡು ಅಂಕಿಗಳು ಎರಡು ಬೇರೆ ಪರೀಕ್ಷೆಗಳವು. ಇದೇ ನಿಯಮ ನೋಟ್‌ಬುಕ್ಕಿನ ಅಂಕಿಗಳಿಗೂ ಅನ್ವಯಿಸುತ್ತದೆ. ಅದೇ ಸ್ಥಳ, ಅದೇ ಸಮಯ, ಅದೇ ಪಾದರಕ್ಷೆ, ಅದೇ ಕುರ್ಚಿ ಇದ್ದರೆ ಮಾತ್ರ ಎರಡು ತಿಂಗಳ ಹಿಂದಿನ ಅಂಕಿಯನ್ನು ಇಂದಿನದರೊಂದಿಗೆ ಹೋಲಿಸಬಹುದು. ನೆರೆಮನೆಯವರ ಅಂಕಿಗಿಂತ ತನ್ನದೇ ಹಿಂದಿನ ಅಂಕಿ ಹೆಚ್ಚು ಉಪಯುಕ್ತ.

ದುಡಿಮೆಯೇ ವ್ಯಾಯಾಮವೇ?

ಹೊಲ, ತೋಟ, ಗೇರುಬೀಜ ಕಾರ್ಖಾನೆ, ಮೀನುಗಾರಿಕೆಯಲ್ಲಿ ದುಡಿಯುವವರಿಗೆ ಬೇರೆ ವ್ಯಾಯಾಮ ಬೇಡ ಎಂಬ ಮಾತು ಈ ಭಾಗದಲ್ಲಿ ಸಾಮಾನ್ಯ. ಅದರಲ್ಲಿ ಸತ್ಯಾಂಶವಿದೆ. ಲಂಡನ್ನಿನ ಎರಡಂತಸ್ತಿನ ಬಸ್ಸುಗಳಲ್ಲಿ ದಿನವಿಡೀ ಮೆಟ್ಟಿಲು ಹತ್ತಿ ಇಳಿಯುತ್ತಿದ್ದ ನಿರ್ವಾಹಕರಲ್ಲಿ, ಕುಳಿತೇ ಇರುತ್ತಿದ್ದ ಚಾಲಕರಿಗಿಂತ ಹೃದ್ರೋಗ ಕಡಿಮೆ ಎಂಬುದನ್ನು ಜೆರೆಮಿ ಮಾರಿಸ್ ಮತ್ತು ಸಂಗಡಿಗರು 1953ರಲ್ಲಿಯೇ ತೋರಿಸಿದ್ದರು.

ಆದರೆ ಎಲ್ಲ ದುಡಿಮೆಯೂ ಒಂದೇ ಬಗೆಯದಲ್ಲ. ಕುಳಿತು ಗೇರುಬೀಜ ಸುಲಿಯುವ ಮಹಿಳೆಗೆ ಬೆರಳುಗಳಿಗೆ ಶ್ರಮವಿದೆ; ಹೃದಯಕ್ಕೂ ಕಾಲುಗಳಿಗೂ ಇಲ್ಲ. ಗಂಗೊಳ್ಳಿ ಅಥವಾ ಕೋಡಿಬೆಂಗ್ರೆಯಲ್ಲಿ ಬಲೆ ಎಳೆಯುವವರ ಹಿಡಿತ, ಬೆನ್ನು ಬಲಿಷ್ಠವಾಗಿರಬಹುದು; ಸೊಂಟದ ಬಾಗುವಿಕೆ ಕುಂದಿರಬಹುದು. ಯಾಂತ್ರೀಕೃತ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ನಿಷೇಧವಿರುವುದರಿಂದ ಆ ಅವಧಿಯಲ್ಲಿ ಅವರ ಶ್ರಮವೂ ಒಮ್ಮೆಲೇ ತಗ್ಗುತ್ತದೆ. ಬಡಗುತಿಟ್ಟಿನ ಯಕ್ಷಗಾನ ಕಲಾವಿದರ ಸ್ಥಿತಿಯೂ ಹೀಗೆಯೇ. ತಿರುಗಾಟದ ತಿಂಗಳುಗಳಲ್ಲಿ ಭಾರದ ವೇಷ, ರಾತ್ರಿಯ ನಿದ್ದೆಗೇಡು, ಮಂಡಿ ಕುಣಿತದ ಹೊರೆ, ಮಳೆಗಾಲದಲ್ಲಿ ಬಿಡುವು. ದುಡಿಮೆ ಯಾವ ಭಾಗವನ್ನು ಬಿಟ್ಟುಬಿಟ್ಟಿದೆ ಎಂಬುದನ್ನು ಪರೀಕ್ಷೆ ತೋರಿಸುತ್ತದೆ. ಕಾರ್ಯಕ್ರಮ ಆ ಭಾಗವನ್ನು ತುಂಬಬೇಕು.

ಕಾರ್ಯಕ್ರಮದ ನಾಲ್ಕು ಅಂಗಗಳು

ವ್ಯಾಯಾಮದ ಚೀಟಿಯೂ ಔಷಧದ ಚೀಟಿಯಂತೆಯೇ. ವಾರಕ್ಕೆ ಎಷ್ಟು ಬಾರಿ, ಎಷ್ಟು ತೀವ್ರವಾಗಿ, ಎಷ್ಟು ಹೊತ್ತು, ಯಾವ ಬಗೆ ಎಂಬ ನಾಲ್ಕೂ ಅದರಲ್ಲಿರಬೇಕು.

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯಂತೆ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ ಅಥವಾ 75ರಿಂದ 150 ನಿಮಿಷ ತೀವ್ರ ಶ್ರಮ, ಜೊತೆಗೆ ಕನಿಷ್ಠ 2 ದಿನ ಸ್ನಾಯುಬಲದ ವ್ಯಾಯಾಮ ಬೇಕು. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ. 65 ದಾಟಿದವರಿಗೆ ಇವುಗಳ ಜೊತೆ ವಾರಕ್ಕೆ 3 ದಿನ ಸಮತೋಲನದ ಅಭ್ಯಾಸ.

ತೀವ್ರತೆಯನ್ನು ನಾಡಿಯಿಂದ ನಿರ್ಧರಿಸಬಹುದು. 220ರಿಂದ ವಯಸ್ಸನ್ನು ಕಳೆದರೆ ಗರಿಷ್ಠ ನಾಡಿಬಡಿತದ ಸ್ಥೂಲ ಅಂದಾಜು ಸಿಗುತ್ತದೆ. 45 ವರ್ಷದವರಿಗೆ ಅದು 175. ವಿಶ್ರಾಂತಿಯ ನಾಡಿ 75 ಇದ್ದರೆ ನಡುವಿನ ಅಂತರ 100. ಈ ಅಂತರದ ಶೇ. 40ರಿಂದ 60ನ್ನು ವಿಶ್ರಾಂತಿಯ ನಾಡಿಗೆ ಕೂಡಿಸಿದರೆ 115ರಿಂದ 135. ಇದೇ ಅವರ ಮಧ್ಯಮ ಶ್ರಮದ ವಲಯ. ಹೃದಯಬಡಿತ ತಗ್ಗಿಸುವ ಔಷಧ ಸೇವಿಸುವವರಿಗೆ ಈ ಲೆಕ್ಕ ಹೊಂದುವುದಿಲ್ಲ. ಅವರಿಗೆ ಮಾತಿನ ಪರೀಕ್ಷೆ ಸೂಕ್ತ: ನಡೆಯುತ್ತ ಮಾತನಾಡಲು ಸಾಧ್ಯವಿದ್ದು, ಹಾಡಲು ಸಾಧ್ಯವಾಗದಿದ್ದರೆ ಶ್ರಮ ಮಧ್ಯಮ, ನಾಲ್ಕು ಪದಕ್ಕೇ ಉಸಿರು ಕಟ್ಟಿದರೆ ತೀವ್ರ.

ಸ್ನಾಯುಬಲಕ್ಕೆ ಕಾಲು, ಸೊಂಟ, ಬೆನ್ನು, ಎದೆ, ಭುಜಗಳನ್ನು ಒಳಗೊಳ್ಳುವ ಆರೇಳು ಚಲನೆಗಳು ಸಾಕು. ಪ್ರತಿಯೊಂದನ್ನೂ 8ರಿಂದ 12 ಬಾರಿ, 2 ಅಥವಾ 3 ಸುತ್ತು, ನಡುವೆ ಒಂದು ದಿನವಾದರೂ ಬಿಡುವು ಕೊಟ್ಟು ಮಾಡಬೇಕು. ನಿಗದಿಗಿಂತ ಒಂದೆರಡು ಬಾರಿ ಹೆಚ್ಚು ಎತ್ತಲು ಸತತ ಎರಡು ದಿನ ಸಾಧ್ಯವಾದರೆ ಭಾರವನ್ನು ಶೇ. 2ರಿಂದ 10ರಷ್ಟು ಏರಿಸಬಹುದು. ಜಿಮ್ ಇಲ್ಲದವರಿಗೆ ನೀರಿನ ಕ್ಯಾನ್ ಇದೆ. ಒಂದು ಲೀಟರ್ ನೀರಿಗೆ ಒಂದು ಕಿಲೊ ತೂಕ. ಅರ್ಧ ಲೀಟರ್ ಸೇರಿಸಿದರೆ ಅರ್ಧ ಕಿಲೊ ಏರಿಕೆ.

ಕರಾವಳಿಯ ಹವೆ

ಬೇರೆಡೆ ಮುದ್ರಿತವಾದ ಕಾರ್ಯಕ್ರಮಗಳನ್ನು ಇಲ್ಲಿ ಹಾಗೆಯೇ ಅನುಸರಿಸುವುದು ಕಷ್ಟ. ಮಾರ್ಚ್‌ನಿಂದ ಮೇವರೆಗೆ ಗಾಳಿಯಲ್ಲಿ ತೇವಾಂಶ ಅಧಿಕವಾಗಿರುವುದರಿಂದ ಬೆವರು ಆರುವುದಿಲ್ಲ. ಬೆವರು ಆರದೆ ದೇಹ ತಣಿಯುವುದಿಲ್ಲ. ಆದುದರಿಂದ ಅದೇ ವೇಗಕ್ಕೆ ನಾಡಿ ಹೆಚ್ಚು ಬಡಿಯುತ್ತದೆ. ಈ ತಿಂಗಳುಗಳಲ್ಲಿ ವೇಗವನ್ನು ಬಿಟ್ಟು ನಾಡಿಯನ್ನು ಅನುಸರಿಸುವುದು, ಸೂರ್ಯ ಏರುವ ಮುನ್ನ ಅಭ್ಯಾಸ ಮುಗಿಸುವುದು ಉಚಿತ. ಅಭ್ಯಾಸಕ್ಕೆ ಮುನ್ನ ಮತ್ತು ನಂತರ ತೂಕ ನೋಡಿದರೆ ಕಳೆದುಕೊಂಡ ನೀರಿನ ಪ್ರಮಾಣ ತಿಳಿಯುತ್ತದೆ. ಒಂದು ಕಿಲೊ ಇಳಿಕೆ ಎಂದರೆ ಸುಮಾರು ಒಂದು ಲೀಟರ್ ಬೆವರು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಯಿಂದಾಗಿ ಹೊರಗಿನ ನಡಿಗೆ ತಪ್ಪುತ್ತದೆ. ಅಭ್ಯಾಸ ಮುರಿಯುವುದು ಹೆಚ್ಚಾಗಿ ಈ ನಾಲ್ಕು ತಿಂಗಳಲ್ಲಿ. ಮಳೆಗಾಲದ ಕಾರ್ಯಕ್ರಮವನ್ನು ಮೇ ತಿಂಗಳಲ್ಲಿಯೇ ಬರೆದಿಡುವುದು ವಿವೇಕ. ಜಗಲಿಯ ಮೆಟ್ಟಿಲು, ಸೂರ್ಯನಮಸ್ಕಾರ, ಕುರ್ಚಿಯಿಂದ ಏಳುವ ಅಭ್ಯಾಸ, ನೀರಿನ ಕ್ಯಾನ್ ಇವಕ್ಕೆ ಮಳೆಯ ಅಡ್ಡಿಯಿಲ್ಲ. ಮೀನುಗಾರರಿಗೂ ಯಕ್ಷಗಾನ ಕಲಾವಿದರಿಗೂ ತೊಡೆ, ಸೊಂಟದ ಬಲ ಹೆಚ್ಚಿಸಿಕೊಳ್ಳಲು ಇದು ಸಕಾಲ.

ಮೂರು ಮಾದರಿಗಳು

ನೇಮಕಾತಿಗೆ ಸಿದ್ಧರಾಗುವವರು: ರಾಜ್ಯ ಪೊಲೀಸ್ ಕಾನ್‌ಸ್ಟೆಬಲ್ ನೇಮಕಾತಿಗಳಲ್ಲಿ ಪುರುಷರಿಗೆ 1,600 ಮೀಟರ್ ಓಟಕ್ಕೆ 6 ನಿಮಿಷ 30 ಸೆಕೆಂಡು, ಮಹಿಳೆಯರಿಗೆ 400 ಮೀಟರ್‌ಗೆ 2 ನಿಮಿಷ ಎಂಬ ಮಿತಿ ಬಳಕೆಯಲ್ಲಿದೆ. ಆಯಾ ಅಧಿಸೂಚನೆಯನ್ನು ಓದಿ ಖಚಿತಪಡಿಸಿಕೊಳ್ಳಬೇಕು. 6 ನಿಮಿಷ 30 ಸೆಕೆಂಡು ಎಂದರೆ ಪ್ರತಿ 400 ಮೀಟರ್‌ಗೆ 97.5 ಸೆಕೆಂಡು. ಯುವಕನೊಬ್ಬ ಮೊದಲ ಪರೀಕ್ಷೆಯಲ್ಲಿ 7 ನಿಮಿಷ 50 ಸೆಕೆಂಡು ತೆಗೆದುಕೊಂಡರೆ, ಅವನ ಸುತ್ತಿನ ಸಮಯ 117.5 ಸೆಕೆಂಡು. ಸುತ್ತಿಗೆ 20 ಸೆಕೆಂಡು ಇಳಿಸಬೇಕಾಗಿದೆ. ಇದು 12ರಿಂದ 16 ವಾರಗಳ ಕೆಲಸ; ಕೊನೆಯ ತಿಂಗಳಿನದಲ್ಲ. ವಾರಕ್ಕೆ ಎರಡು ದಿನ ನಿಧಾನ ದೀರ್ಘ ಓಟ, ಒಂದು ದಿನ 400 ಮೀಟರ್‌ನ ನಾಲ್ಕರಿಂದ ಆರು ಆವರ್ತನೆ, ಎರಡು ದಿನ ಬಲದ ಅಭ್ಯಾಸ, ಉಳಿದೆರಡು ದಿನ ವಿಶ್ರಾಂತಿ ಅಥವಾ ನಡಿಗೆ. ಆವರ್ತನೆಗಳನ್ನು 115 ಸೆಕೆಂಡಿನಿಂದ ಆರಂಭಿಸಿ ಎರಡು ವಾರಕ್ಕೊಮ್ಮೆ ಮೂರು ನಾಲ್ಕು ಸೆಕೆಂಡು ಇಳಿಸಬೇಕು. ಅಧಿಸೂಚನೆ ಬಂದ ನಂತರ ದಿನಕ್ಕೆರಡು ಬಾರಿ ಓಡಿ ಮೊಣಕಾಲ ಕೆಳಗಿನ ಮೂಳೆನೋವು ತಂದುಕೊಂಡವರಿಗೆ ಪರೀಕ್ಷೆಯ ದಿನ ಓಡಲಾಗದೆ ವರ್ಷಗಳ ನಿರೀಕ್ಷೆ ವ್ಯರ್ಥವಾಗುತ್ತದೆ.

ಅಂಗಡಿ, ಕಚೇರಿಯಲ್ಲಿ ಕುಳಿತು ದುಡಿಯುವ ಮಧುಮೇಹಿಗಳು: ವೈದ್ಯರ ಅನುಮತಿಯ ನಂತರ ದಿನಕ್ಕೆ 10 ನಿಮಿಷ ನಡಿಗೆಯಿಂದ ಆರಂಭಿಸಿ, ವಾರಕ್ಕೆ 5 ನಿಮಿಷದಂತೆ ಏರಿಸಿದರೆ ಐದನೆಯ ವಾರಕ್ಕೆ 30 ನಿಮಿಷ ತಲುಪಬಹುದು. ವಾರಕ್ಕೆ ಐದು ದಿನ ನಡೆದರೆ 150 ನಿಮಿಷ ಪೂರ್ಣ. ಮೂರನೆಯ ವಾರದಿಂದ ಎರಡು ದಿನ ಬಲದ ಅಭ್ಯಾಸ ಸೇರಿಸಬೇಕು. ಇನ್ಸುಲಿನ್ ಅಥವಾ ಸಕ್ಕರೆಯನ್ನು ತಗ್ಗಿಸುವ ಕೆಲವು ಮಾತ್ರೆಗಳನ್ನು ಸೇವಿಸುವವರು ಜೇಬಿನಲ್ಲಿ ಸಿಹಿ ಇಟ್ಟುಕೊಳ್ಳಬೇಕು. ಪಾದದ ಸ್ಪರ್ಶಜ್ಞಾನ ಕುಂದಿದವರು ಹೊಯ್ಗೆಯ ಮೇಲೆ ಬರಿಗಾಲಲ್ಲಿ ನಡೆಯಬಾರದು. ಚಿಪ್ಪು ತಾಗಿದ ಗಾಯ ಗಮನಕ್ಕೆ ಬಾರದೆ ಉಲ್ಬಣಿಸಬಹುದು.

ಹಿರಿಯರು: ಮಕ್ಕಳು ಬೆಂಗಳೂರು, ಮುಂಬಯಿ ಅಥವಾ ಕೊಲ್ಲಿ ದೇಶಗಳಲ್ಲಿದ್ದು, ಊರಿನ ಮನೆಯಲ್ಲಿ ಹಿರಿಯರಿಬ್ಬರೇ ಇರುವ ಕುಟುಂಬಗಳು ಈ ಮೂರು ತಾಲೂಕುಗಳಲ್ಲಿ ಬಹಳ. ಪಾಚಿಗಟ್ಟಿದ ಅಂಗಳದಲ್ಲಿ ಜಾರಿ ಸೊಂಟದ ಮೂಳೆ ಮುರಿದರೆ ಆ ಮನೆಯ ವ್ಯವಸ್ಥೆಯೇ ಕುಸಿಯುತ್ತದೆ. ಇವರಿಗೆ ಕುರ್ಚಿಯಿಂದ ಏಳುವ ಅಭ್ಯಾಸವೇ ಮುಖ್ಯ ಔಷಧ. ಮೊದಲ ಪರೀಕ್ಷೆಯಲ್ಲಿ 8 ಬಾರಿ ಎದ್ದವರು ದಿನಕ್ಕೆ 4ರಂತೆ ಎರಡು ಸುತ್ತು, ವಾರಕ್ಕೆ ಮೂರು ದಿನ ಆರಂಭಿಸಿ, ಎರಡು ವಾರಕ್ಕೊಮ್ಮೆ ಒಂದೊಂದು ಹೆಚ್ಚಿಸಬಹುದು. ಅಡುಗೆಕಟ್ಟೆ ಹಿಡಿದು ಒಂಟಿ ಕಾಲಿನಲ್ಲಿ ನಿಲ್ಲುವುದು, ಹಿಮ್ಮಡಿ ಎತ್ತುವುದು, ಒಂದು ಹೆಜ್ಜೆಯ ಮುಂದೆ ಇನ್ನೊಂದಿಟ್ಟು ನೇರ ನಡೆಯುವುದು ಸಮತೋಲನಕ್ಕೆ ಸಾಕು. ಕುರ್ಚಿಯಿಂದ ಎದ್ದು 3 ಮೀಟರ್ ನಡೆದು ಮರಳಿ ಕುಳಿತುಕೊಳ್ಳಲು 12 ಸೆಕೆಂಡು ಅಥವಾ ಹೆಚ್ಚು ಹಿಡಿಯುವವರು ಭೌತಚಿಕಿತ್ಸಕರ ನೆರವು ಪಡೆಯುವುದು ಒಳಿತು.

ನಿಲ್ಲಿಸಬೇಕಾದ ಸೂಚನೆಗಳು

ಎದೆಯಲ್ಲಿ ಬಿಗಿತ, ಎಡಗೈ ಅಥವಾ ದವಡೆಗೆ ಹರಡುವ ನೋವು, ಅಸಹಜ ಉಸಿರುಗಟ್ಟುವಿಕೆ, ತಣ್ಣನೆಯ ಬೆವರು, ತಲೆಸುತ್ತು, ನಾಡಿಯ ಲಯ ತಪ್ಪುವುದು ಇವುಗಳಲ್ಲಿ ಯಾವುದು ಕಂಡರೂ ತಕ್ಷಣ ನಿಲ್ಲಿಸಿ ಆಸ್ಪತ್ರೆಗೆ ತೆರಳಬೇಕು. ವಾಯುಬಾಧೆ ಎಂದು ತಾನೇ ನಿರ್ಧರಿಸಿ ಕಾಯುವುದು ಅಪಾಯಕಾರಿ. 108ಕ್ಕೆ ಕರೆ ಮಾಡಿದರೆ ಆಂಬುಲೆನ್ಸ್ ದೊರೆಯುತ್ತದೆ. ವ್ಯಾಯಾಮದ ಮರುದಿನ ಸ್ನಾಯುನೋವು ಸಹಜ. ಆದರೆ ತಡೆಯಲಾಗದ ನೋವು, ಊತದ ಜೊತೆ ಮೂತ್ರ ಕಡುಗಂದು ಬಣ್ಣಕ್ಕೆ ತಿರುಗಿದರೆ ಸ್ನಾಯು ಕರಗಿ ಮೂತ್ರಪಿಂಡಕ್ಕೆ ಹಾನಿಯಾಗುತ್ತಿರಬಹುದು. ಅಂದೇ ವೈದ್ಯರನ್ನು ಕಾಣಬೇಕು. ಜ್ವರವಿದ್ದಾಗ ಅಭ್ಯಾಸ ಸಲ್ಲದು.

ಮರುಪರೀಕ್ಷೆ

ಆರರಿಂದ ಎಂಟು ವಾರಗಳಿಗೊಮ್ಮೆ ಮೊದಲಿನ ಎಲ್ಲ ಪರೀಕ್ಷೆಗಳನ್ನೂ ಅದೇ ಕ್ರಮದಲ್ಲಿ ಪುನರಾವರ್ತಿಸಬೇಕು. ತೂಕ ಇಳಿಯದಿದ್ದರೂ ಹೊಟ್ಟೆಯ ಸುತ್ತಳತೆ ತಗ್ಗಿರಬಹುದು. ಮೆಟ್ಟಿಲು ಪರೀಕ್ಷೆಯ ನಾಡಿ ಇಳಿದಿರಬಹುದು. ಕುರ್ಚಿಯಿಂದ ಏಳುವ ಸಂಖ್ಯೆ ಏರಿರಬಹುದು. ತೂಕದ ಯಂತ್ರವನ್ನಷ್ಟೇ ನಂಬಿದವರು ನಿರಾಶರಾಗಿ ವ್ಯಾಯಾಮ ಬಿಡುವುದು ಇಂತಹ ಹಂತದಲ್ಲಿಯೇ. ಎಲ್ಲ ಅಂಕಿಗಳೂ ನಿಂತಲ್ಲೇ ನಿಂತಿದ್ದರೆ ಕಾರ್ಯಕ್ರಮದ ನಾಲ್ಕು ಅಂಗಗಳಲ್ಲಿ ಒಂದನ್ನು ಬದಲಿಸಬೇಕು. ವಿಶ್ರಾಂತಿಯ ನಾಡಿ ಹಲವು ದಿನ ಏರಿಯೇ ಇದ್ದು ನಿದ್ದೆಯೂ ಕೆಟ್ಟಿದ್ದರೆ ಶ್ರಮ ಅತಿಯಾಗಿದೆ ಎಂದು ತಿಳಿದು ಒಂದು ವಾರ ಅರ್ಧಕ್ಕೆ ಇಳಿಸಬೇಕು.

ವರ್ಷಕ್ಕೊಮ್ಮೆ ಕೊಲ್ಲೂರಿನ ಕಡೆಯಿಂದ 1,343 ಮೀಟರ್ ಎತ್ತರದ ಕೊಡಚಾದ್ರಿಗೆ ನಡೆದು ಏರಬೇಕೆಂಬ ಆಸೆ ಅನೇಕರಿಗಿದೆ. ಆ ಏರಿನಲ್ಲಿ ಹೃದಯದ ಸಾಮರ್ಥ್ಯ, ತೊಡೆಯ ಬಲ, ಇಳಿಯುವಾಗಿನ ಸಮತೋಲನ ಮೂರೂ ಒಮ್ಮೆಗೇ ಪರೀಕ್ಷೆಗೊಳಗಾಗುತ್ತವೆ. ಅಲ್ಲಿಗೆ ಹೋಗುವ ಮುನ್ನ ಮೂರು ತಿಂಗಳ ಹಿಂದೆಯೇ ಮನೆಯ ಮೆಟ್ಟಿಲಿನ ಮೇಲೆ ಮೂರು ನಿಮಿಷ ಕಳೆದು ನಾಡಿ ಎಣಿಸಿದವರಿಗೆ, ತಮ್ಮ ದೇಹ ಆ ಏರಿಗೆ ಸಿದ್ಧವಿದೆಯೇ, ಇಲ್ಲವಾದರೆ ಯಾವುದನ್ನು ಸಿದ್ಧಗೊಳಿಸಬೇಕು ಎಂಬುದು ಮೊದಲೇ ತಿಳಿದಿರುತ್ತದೆ.